ಒಂದು ಕ್ಲಿಕ್ಕಿಗೆ ನೂರು ರೂಪಾಯಿ

ಹರಿಹರೇಶ್ವರ ದೇವಸ್ಥಾನದ ಮಂಟಪದೊಳಕ್ಕೆ ಬೆಳಗಿನ ಬಿಸಿಲು ಕಕ್ಷಾಸನ ದಾಟಿ ಇಳಿಯುತ್ತದೆ. ಇಳಿಯುವಾಗ ಎರಡು ತಿರುಗಣೆ ಕಂಬಗಳ ನಡುವಿಗೆ ತಾಗುತ್ತದೆ. ಬಳಪದ ಕಲ್ಲು, ಎಂಟುನೂರು ವರ್ಷ ಜನ ಬೆನ್ನು ಒರಗಿಸಿ ನುಣುಪಾದದ್ದು. ಆ ಐದು ಹತ್ತು ನಿಮಿಷ ಅದು ಕಲ್ಲಿನಂತೆ ಕಾಣುವುದಿಲ್ಲ, ಎಣ್ಣೆ ಒರೆಸಿದ ಬೀಟೆಮರದಂತೆ ಕಾಣುತ್ತದೆ. ಕಂಬದ ಮೇಲಿನ ಉಂಗುರಗಳೆಲ್ಲ ಒಂದೊಂದಾಗಿ ಹೊಳೆದು, ಮತ್ತೆ ಒಂದೊಂದಾಗಿ ಆರುತ್ತವೆ.

ನಾನು ಕಕ್ಷಾಸನದ ಮೇಲೆ ಮೊಣಕೈ ಊರಿಕೊಂಡು ಕ್ಯಾಮೆರಾದ ಬೆಳಕಿನ ಮೀಟರ್ ನೋಡುತ್ತಿದ್ದೆ. ಬಿಸಿಲು ಬಿದ್ದ ಜಾಗಕ್ಕೆ 250 ತೋರಿಸಿತು, ಅದರ ಹಿಂದಿನ ಕತ್ತಲಿಗೆ 15. ನಾಲ್ಕು ಸ್ಟಾಪ್ ಅಂತರ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕರ್ಧ. ಕಂಬವನ್ನು ನೆಚ್ಚಿಕೊಂಡರೆ ಹಿಂದಿನ ಮಂಟಪವೆಲ್ಲ ಮಸಿ. ಮಂಟಪವನ್ನು ನೆಚ್ಚಿಕೊಂಡರೆ ಕಂಬದ ಹೊಳಪು ಸುಣ್ಣ. ನಡುವೆ ಎಲ್ಲೋ ಒಂದು ಲೆಕ್ಕವಿದೆ, ಅದನ್ನು ಹುಡುಕುತ್ತ ಕೂತಿದ್ದೆ. ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜಿಯೊಬ್ಬರು ಮೂರನೇ ಸುತ್ತಿಗೆ ನನ್ನ ಹತ್ತಿರ ನಿಂತು, “ಏನಪ್ಪಾ, ಫೋಟ ತೆಗೀತೀಯೋ ಜಪ ಮಾಡ್ತೀಯೋ?” ಅಂದರು.

ಕೇಳಿದ್ದು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಒಬ್ಬ ಹುಡುಗ ಅಷ್ಟರಲ್ಲಿ ಮೊಬೈಲಿನಲ್ಲಿ ಮೂವತ್ತು ನಲವತ್ತು ಹೊಡೆದುಕೊಂಡು ಹೋಗಿದ್ದ. ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಸ್ಲೈಡ್ ರೋಲು. 36 ಫ್ರೇಮು. ಒಂದು ಸಲ ಒತ್ತಿದರೆ, ಎಲ್ಲ ಸೇರಿಸಿ ಹೆಚ್ಚುಕಡಿಮೆ ನೂರು ರೂಪಾಯಿ. ದಾವಣಗೆರೆ ಲೆಕ್ಕದಲ್ಲಿ ಹೇಳುವುದಾದರೆ ಎರಡು ಪ್ಲೇಟು ಮಂಡಕ್ಕಿ-ಮಿರ್ಚಿ. ಬೆಳಕು ಓವರ್ ಆದರೆ ಎರಡೂ ಪ್ಲೇಟು ಬೀದಿಪಾಲು.

ನಲವತ್ತರೊಳಗಿನವರಿಗೆ ಸ್ಲೈಡ್ ಅಂದರೆ ಕಂಪ್ಯೂಟರಿನ ಪಿಪಿಟಿಯೇ ಮೊದಲು ನೆನಪಾಗುತ್ತದೆ. ಆ ಹೆಸರು ಹುಟ್ಟಿದ್ದು ಇದರಿಂದ. ಸಾಮಾನ್ಯ ಕಲರ್ ರೀಲು ತೊಳೆಸಿದರೆ ನೆಗೆಟಿವ್ ಬರುತ್ತದೆ, ಅದರಿಂದ ಕಾರ್ಡು ಹಾಕಿಸಬೇಕು. ಸ್ಲೈಡ್ ಫಿಲ್ಮನ್ನು ತೊಳೆದರೆ ಬರುವುದು ನೇರ ಚಿತ್ರವೇ: ಆಕಾಶ ನೀಲಿ, ಎಲೆ ಹಸಿರು. ತುಂಡು ಮಾಡಿ ಎರಡಂಗುಲದ ಮೌಂಟಿಗೆ ಸಿಕ್ಕಿಸಿ, ಬೆಳಕಿಗೆ ಹಿಡಿದು ನೋಡಬಹುದು, ಪ್ರೊಜೆಕ್ಟರಿಗೆ ಹಾಕಿ ಗೋಡೆ ತುಂಬ ಬಿಡಬಹುದು. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮೂ ನೀವು ಕೊನೆಗೆ ಕೈಯಲ್ಲಿ ಹಿಡಿಯುವ ಫಿಲ್ಮೂ ಒಂದೇ. ನಡುವೆ ತಿದ್ದುವವರು ಯಾರೂ ಇಲ್ಲ. ನೆಗೆಟಿವ್ ಆದರೆ ಒಂದೆರಡು ಸ್ಟಾಪ್ ತಪ್ಪಿದರೂ ಸ್ಟುಡಿಯೋದವನು ಪ್ರಿಂಟಿನಲ್ಲಿ ಮರ್ಯಾದೆ ಉಳಿಸುತ್ತಾನೆ. ಸ್ಲೈಡ್‌ನಲ್ಲಿ ಅರ್ಧ ಸ್ಟಾಪ್ ತಪ್ಪಿದರೆ ಮುಗಿಯಿತು.

ಇದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಜೋಡಿಸುವ ಕೆಲಸ. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಯಾವ ಮೂಲೆಯ ವರ್ಕ್‌ಶಾಪಿಗೆ ಹೋದರೂ ಕಣ್ಣಿಗೆ ಬೀಳುತ್ತಿದ್ದ ಕಾಲ. ಮಾವನ ಹತ್ತಿರ ಪೂರ್ವ ಜರ್ಮನಿಯ ಪ್ರಾಕ್ಟಿಕಾ ಕ್ಯಾಮೆರಾ ಇತ್ತು. ಅವರಿಗೆ ಬೆಳಕಿನ ಲೆಕ್ಕವೂ ಕಾರ್ಖಾನೆಯ ಭಾಷೆಯಲ್ಲೇ ಬರುತ್ತಿತ್ತು. “ಕಾಲು ಸ್ಟಾಪ್ ಅಂದ್ರೆ ನಮ್ಮ ಲೇತಿನ ಐದು ಥೌ ಇದ್ದಂಗೆ ಅಳಿಯ. ನೋಡೋರಿಗೆ ಏನೂ ಅಲ್ಲ, ಕೂರಿಸೋವಾಗ ಗೊತ್ತಾಗ್ತೈತೆ.” ಇಂಚಿನ ಸಾವಿರದ ಒಂದು ಪಾಲಿಗೆ ಥೌ ಅನ್ನುವುದು ಲೇತಿನವರ ರೂಢಿ. ಈ ಮಂಟಪಕ್ಕೆ ನನ್ನನ್ನು ಮೊದಲು ಕರೆತಂದವರೂ ಅವರೇ. ಆದರೆ ದೇವರ ಮುಂದೆ ನಿಲ್ಲಿಸುವ ಮೊದಲು ಕಂಬದ ಮುಂದೆ ನಿಲ್ಲಿಸಿದರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1223-24ರಲ್ಲಿ ಕಟ್ಟಿಸಿದ ಗುಡಿ. ಮಾವನಿಗೆ ರಾಜ, ದಂಡನಾಯಕ ಯಾರೂ ಬೇಕಿರಲಿಲ್ಲ. “ಇಷ್ಟು ದಪ್ಪನ ಕಲ್ಲನ್ನ ಯಾವ ಸೆಂಟರ್ ಮೇಲೆ ಕೂರಿಸಿ ತಿರುಗಿಸಿದ್ರು ಹೇಳು ನೋಡಾಣ” ಅಂತ ಕಂಬದ ಉಂಗುರಗಳ ಮೇಲೆ ಬೆರಳಾಡಿಸುತ್ತಿದ್ದರು. ಲೇತಿನ ಊರಿಗೆ ಲೇತಿನ ಕಾರ್ಖಾನೆಯೇ ಬಂತು ಅನ್ನುವುದು ಅವರಿಗೆ ಬಹಳ ಹೆಮ್ಮೆಯ ಸಂಗತಿ.

ಆಗ ಸ್ಲೈಡ್ ಫಿಲ್ಮ್ ಅಗ್ಗವಾಗಿತ್ತೇ? ಹಾಗೇನೂ ಇಲ್ಲ. ಹಳೆಯದೆಲ್ಲ ಅಗ್ಗ ಎಂದು ನೆನಪು ಸುಳ್ಳು ಹೇಳುತ್ತದೆ. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನವರ ‘ಇಂದು’ ಕಪ್ಪು-ಬಿಳುಪಿನ ರೋಲು ನಮ್ಮದೇ ಸರ್ಕಾರದ್ದು, ಕೈಗೆಟಕುತ್ತಿತ್ತು. ಸ್ಲೈಡ್ ಮಾತ್ರ ಸಮುದ್ರ ದಾಟಿಯೇ ಬರಬೇಕು. ಎಪ್ಪತ್ತು ಎಂಬತ್ತರ ದಶಕದಲ್ಲಿ ನಮ್ಮಂಥವರಿಗೆ ಆಧಾರವಾಗಿದ್ದದ್ದು ಪೂರ್ವ ಜರ್ಮನಿಯ ಓರ್ವೊ. ಆ ದೇಶದೊಡನೆ ನಮ್ಮ ವ್ಯಾಪಾರ ರೂಪಾಯಿಯಲ್ಲೇ ನಡೆಯುತ್ತಿತ್ತು, ಡಾಲರಿನ ಹಂಗಿರಲಿಲ್ಲ. ಓರ್ವೊಕ್ರೋಮ್ ಯುಟಿ 18 ಅಂದರೆ 50 ಎಎಸ್‌ಎ. ಮೋಡ ಬಂದರೆ ಕ್ಯಾಮೆರಾ ಚೀಲಕ್ಕೆ. ಕೊಡಾಕ್‌ನ ಕೊಡಕ್ರೋಮ್ ಅನ್ನುವುದು ಗಲ್ಫಿನಿಂದಲೋ ಅಮೆರಿಕದಿಂದಲೋ ಬಂದ ನೆಂಟರ ಸೂಟ್‌ಕೇಸಿನಲ್ಲಿ ಬರುವ ವಸ್ತು. ತೊಂಬತ್ತರ ದಶಕದಲ್ಲಿ ಪೇಟೆ ತೆರೆದು ಫ್ಯೂಜಿ, ಕೊಡಾಕ್ ಸ್ಲೈಡ್‌ಗಳು ಬೆಂಗಳೂರಿನ ಅಂಗಡಿಗಳಲ್ಲಿ ಧಾರಾಳ ಸಿಗತೊಡಗಿದಾಗಲೂ ನನಗೆ ತಿಂಗಳಿಗೆ ಒಂದೇ ರೋಲು. ರೋಲಿಗೆ ಇನ್ನೂರು ಮುನ್ನೂರು, ತೊಳೆಸುವುದು ಬೇರೆ. ಅದಕ್ಕೇ ಮನೆಯಲ್ಲಿ ಮಾತು ಕೇಳುತ್ತಿದ್ದೆ.

ಆದರೂ ಆ ಖರ್ಚಿಗೆ ಒಂದು ಅರ್ಥವಿತ್ತು. ವಾರಪತ್ರಿಕೆಗಳ ಮುಖಪುಟಕ್ಕೆ ಬಣ್ಣದ ಚಿತ್ರ ಬೇಕೆಂದಾಗ ಕಲರ್ ಪ್ರಿಂಟು ಕಳಿಸಿದರೆ ಮುಖ ಸಿಂಡರಿಸುತ್ತಿದ್ದರು. “ಟ್ರಾನ್ಸ್‌ಪರೆನ್ಸಿ ಇದ್ದರೆ ಕಳಿಸಿ” ಎಂಬ ಪೋಸ್ಟ್‌ಕಾರ್ಡು ಬರುತ್ತಿತ್ತು. ಮುದ್ರಣದ ನಾಲ್ಕು ಬಣ್ಣ ಬೇರ್ಪಡಿಸಲು ಸ್ಲೈಡೇ ಸರಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ನಮ್ಮ ರಾಜ್ಯದ ವನ್ಯಜೀವಿ ಛಾಯಾಗ್ರಾಹಕರ ಹೆಸರು ದೇಶ ವಿದೇಶದಲ್ಲಿ ಓಡಾಡಿದ್ದು ಫಿಲ್ಮಿನ ಕಾಲದಲ್ಲಿ. ಫೋಟೊ ಸ್ಪರ್ಧೆಗಳಲ್ಲಿ ಸ್ಲೈಡ್‌ಗೇ ಪ್ರತ್ಯೇಕ ವಿಭಾಗ ಇರುತ್ತಿತ್ತು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳಿದ್ದವು. ದಾವಣಗೆರೆಯ ಮಟ್ಟಿಗಂತೂ ಸ್ಲೈಡಿನ ದೊಡ್ಡ ಗಿರಾಕಿಗಳು ಕಲಾವಿದರಲ್ಲ, ಡಾಕ್ಟರುಗಳು. 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು ಇರುವ ಊರು. ಚರ್ಮರೋಗದ ಪಾಠಕ್ಕೆ, ಎಕ್ಸ್‌ರೇ ತೋರಿಸಲಿಕ್ಕೆ, ಸಮ್ಮೇಳನದಲ್ಲಿ ಪ್ರಬಂಧ ಓದಲಿಕ್ಕೆ ಎಲ್ಲೆಲ್ಲೂ ಸ್ಲೈಡೇ ಬೇಕು. “ನೆಕ್ಸ್ಟ್ ಸ್ಲೈಡ್ ಪ್ಲೀಸ್” ಅನ್ನುವುದು ಆಗ ವೈದ್ಯರ ಮಂತ್ರ. ಇನ್ನು ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಹಾಕುತ್ತಿದ್ದ ಗಾಜಿನ ಸ್ಲೈಡುಗಳು ಬೇರೆಯದೇ ಜಾತಿ. ಸೀರೆ ಅಂಗಡಿ, ಚಹಾಪುಡಿ, ‘ಧೂಮಪಾನ ನಿಷೇಧಿಸಿದೆ’, ತುರ್ತಿದ್ದರೆ ಮಸಿ ಹಿಡಿದ ಗಾಜಿನ ಮೇಲೆ ಕೈಯಲ್ಲೇ ಗೀಚಿದ ‘ಇಂಥವರು ಕೂಡಲೇ ಮನೆಗೆ ಬರತಕ್ಕದ್ದು’. ಅದನ್ನು ಓದಿ ಯಾರು ಏಳುತ್ತಾರೆ ಅಂತ ಇಡೀ ಗಾಂಧಿ ಕ್ಲಾಸು ಹಿಂದಕ್ಕೆ ತಿರುಗುತ್ತಿತ್ತು.

ಈ ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಹಗ್ಗ ಎಳೆಯುತ್ತಿದ್ದರು. ಡಾಕ್ಟರು, ಜಾಹೀರಾತಿನವನು, ಕ್ಯಾಲೆಂಡರ್ ಛಾಪಿಸುವವನು, ಹಕ್ಕಿ ಹಿಡಿಯಲು ಕೊಂಡಜ್ಜಿ ಕೆರೆ ದಂಡೆಯಲ್ಲಿ ಕೂತ ನನ್ನಂಥವನು. ಇಷ್ಟು ಜನರ ರೋಲು ಇದ್ದದ್ದರಿಂದ ಬೆಂಗಳೂರಿನ ಲ್ಯಾಬಿನಲ್ಲಿ ದಿನವೂ ಕೆಮಿಕಲ್ ಬಿಸಿ ಇರುತ್ತಿತ್ತು. ರಾತ್ರಿ ಬಸ್ಸಿಗೆ ಇಲ್ಲಿಂದ ಪಾರ್ಸೆಲ್ ಹಾಕಿದರೆ ಮೂರನೇ ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೌಂಟಾಗಿ ವಾಪಸು.

ಈಗ ಲೆಕ್ಕ ಹೇಳುತ್ತೇನೆ. ಕೊಡಾಕ್‌ನ ಎಕ್ಟಾಕ್ರೋಮ್ ರೋಲು ನಮ್ಮ ದೇಶದಲ್ಲಿ ಎರಡು ಸಾವಿರ ದಾಟಿ ಬಹಳ ದಿನವಾಯಿತು. ಫ್ಯೂಜಿಯ ವೆಲ್ವಿಯಾ, ಪ್ರೊವಿಯಾ ಸಿಕ್ಕರೆ ಅದಕ್ಕಿಂತ ತುಸು ಹೆಚ್ಚು. ‘ಸಿಕ್ಕರೆ’ ಅನ್ನುವುದೇ ಅಲ್ಲಿ ಮುಖ್ಯ ಪದ. ತೊಳೆಸಲು ಐನೂರರಿಂದ ಸಾವಿರದವರೆಗೆ, ಊರೂರಿಗೆ ಒಂದೊಂದು ದರ. ಹೋಗಿ ಬರುವ ಕೊರಿಯರ್. ಸ್ಕ್ಯಾನ್ ಬೇಕೆಂದರೆ ಮೇಲೆ. ಭಾಗಿಸಿ ನೋಡಿ, ನೂರರ ಹತ್ತಿರ ಬಂದು ನಿಲ್ಲುತ್ತದೆ. 2018ರಲ್ಲಿ ಎಕ್ಟಾಕ್ರೋಮ್ ಮತ್ತೆ ಮಾರುಕಟ್ಟೆಗೆ ಬಂದಾಗ ಅಮೆರಿಕದಲ್ಲೇ ರೋಲಿಗೆ ಹದಿಮೂರು ಡಾಲರಿನ ಸುತ್ತಮುತ್ತ ಇತ್ತು. ಈಗ ಇಪ್ಪತ್ತು ದಾಟಿದೆ. ಆ ಡಾಲರಾದರೂ ಇದ್ದಲ್ಲೇ ಇತ್ತೇ? 1990ರಲ್ಲಿ ಹದಿನೇಳು ಹದಿನೆಂಟು ರೂಪಾಯಿಗೆ ಸಿಗುತ್ತಿದ್ದದ್ದು 2018ರ ಹೊತ್ತಿಗೆ ಎಪ್ಪತ್ತಾಗಿತ್ತು, ಆಮೇಲೆ ಎಂಬತ್ತೈದೂ ಆಯಿತು. ಅದರ ಮೇಲೆ ಆಮದು ಸುಂಕ, ಜಿಎಸ್‌ಟಿ. ಹೀಗೆ ಕೊಡಾಕ್‌ನ ಊರು ರಾಚೆಸ್ಟರಿನಲ್ಲಿ ಒಂದು ಮೆಟ್ಟಿಲು ಏರಿದ್ದು ದಾವಣಗೆರೆಯ ಮಂಡಿಪೇಟೆಗೆ ಬರುವಷ್ಟರಲ್ಲಿ ಮೂರು ಮೆಟ್ಟಿಲಾಗುತ್ತದೆ.

ಬೆಲೆ ಯಾಕೆ ಹೀಗಾಯಿತು ಅಂದರೆ ಎಲ್ಲರೂ ತಟ್ಟನೆ ಬೆಳ್ಳಿಯ ಕಡೆ ಕೈ ತೋರಿಸುತ್ತಾರೆ. ಫಿಲ್ಮಿಗೆ ಬೆಳಕು ಗೊತ್ತಾಗುವುದೇ ಬೆಳ್ಳಿಯ ಲವಣದಿಂದ, ನಿಜ. ಬೆಳ್ಳಿ ಏರಿದಾಗ ಫಿಲ್ಮೂ ಏರಿದ ಇತಿಹಾಸ ಇದೆ. ಟೆಕ್ಸಾಸಿನ ಹಂಟ್ ಸಹೋದರರು ಲೋಕದ ಬೆಳ್ಳಿಯನ್ನೆಲ್ಲ ಗುಡ್ಡೆ ಹಾಕಿಕೊಳ್ಳಲು ಹೋಗಿ 1980ರ ಜನವರಿಯಲ್ಲಿ ಔನ್ಸಿಗೆ ಐವತ್ತು ಡಾಲರಿನವರೆಗೆ ಒಯ್ದರು, ಮಾರ್ಚಿನಲ್ಲಿ ಮುಗ್ಗರಿಸಿದರು. ಆ ಹಳೆಯ ದಾಖಲೆಯನ್ನು 2025ರ ಬೆಳ್ಳಿ ಮೀರಿತು. ಮದುವೆ ಮನೆಯವರು ಕಾಲ್ಗೆಜ್ಜೆ ಕೊಳ್ಳಲು ಹೋಗಿ ಬರಿಗೈಲಿ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಒಂದು ರೋಲಿನಲ್ಲಿ ಅರ್ಧ ಗ್ರಾಮೂ ಬೆಳ್ಳಿ ಇರುವುದಿಲ್ಲ. ಕಿಲೋಗೆ ಎರಡು ಲಕ್ಷವೆಂದೇ ಹಿಡಿಯಿರಿ, ಅರ್ಧ ಗ್ರಾಮಿಗೆ ನೂರು ರೂಪಾಯಿ ಆಯಿತು. ಎರಡು ಸಾವಿರದಲ್ಲಿ ಉಳಿದದ್ದು?

ಇನ್ನೊಂದು ತಮಾಷೆ: ತೊಳೆದಾದ ಮೇಲೆ ಸ್ಲೈಡಿನಲ್ಲಿ ಬೆಳ್ಳಿ ಒಂದು ಕಣವೂ ಉಳಿಯುವುದಿಲ್ಲ. ಬಣ್ಣ ಮಾತ್ರ ಉಳಿಯುತ್ತದೆ, ಬೆಳ್ಳಿಯೆಲ್ಲ ಫಿಲ್ಮು ತೊಳೆಯುವ ಹೈಪೋ ನೀರಿನ ಪಾಲು. ಹಿಂದೆ ಸ್ಟುಡಿಯೋದವರು ಆ ನೀರನ್ನು ಚೆಲ್ಲುತ್ತಿರಲಿಲ್ಲ. ಬೆಳ್ಳಿ ತೆಗೆಯುವವರು ಕ್ಯಾನು ಹಿಡಿದು ಹಿಂಬಾಗಿಲಿಗೆ ಬರುತ್ತಿದ್ದರು.

ಉಳಿದ ವಸ್ತುಗಳ ಲೆಕ್ಕ ಹಾಕಿದರೆ ನಮ್ಮೂರಿಗೇ ಬಂದು ಸೇರುತ್ತೇವೆ. ಫಿಲ್ಮಿನ ಬೆನ್ನಿಗಿರುವ ಪಾರದರ್ಶಕ ಪಟ್ಟಿ ಸೆಲ್ಯುಲೋಸ್ ಟ್ರೈಅಸಿಟೇಟ್. ಸೆಲ್ಯುಲೋಸ್ ಎಲ್ಲಿಂದ? ಹತ್ತಿಬೀಜಕ್ಕೆ ಅಂಟಿಕೊಂಡ ಗಿಡ್ಡ ನಾರಿನಿಂದ, ಇಲ್ಲವೇ ಮರದ ತಿರುಳಿನಿಂದ. ಹತ್ತಿಗೆ ದಾವಣಗೆರೆಯಷ್ಟು ಹೆಸರಾದ ಊರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಮಿಲ್ಲಿನ ಸೈರನ್ನಿಗೆ ಮನೆಮನೆಯ ಗಡಿಯಾರ ಸರಿಪಡಿಸುತ್ತಿದ್ದರು. ಈಗ ಡಿಸಿಎಂ, ಅಂದರೆ ದಾವಣಗೆರೆ ಕಾಟನ್ ಮಿಲ್ಸ್, ಬರೀ ಒಂದು ಬಡಾವಣೆಯ ಹೆಸರು. ಇತ್ತ ಹರಿಹರದ ಸೇತುವೆ ದಾಟಿದರೆ ತುಂಗಭದ್ರೆಯ ಆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್. 1972ರಿಂದ ನೀಲಗಿರಿ ಮರವನ್ನು ಅರೆದು ರೇಯಾನಿಗೆ ಬೇಕಾದ ತಿರುಳು ತೆಗೆಯುತ್ತಿದ್ದಾರೆ. ಅದು ಬಟ್ಟೆಗೆ ಹೋಗುವ ತಿರುಳು, ಫಿಲ್ಮಿಗಲ್ಲ. ಆದರೂ ಎಕ್ಟಾಕ್ರೋಮ್ ರೋಲನ್ನು ಕೈಯಲ್ಲಿ ಹಿಡಿದಾಗ ಇದರ ಮೈ ನಮ್ಮ ಹತ್ತಿಯ, ನಮ್ಮ ತಿರುಳಿನ ದಾಯಾದಿಯೇ ಅನ್ನಿಸುತ್ತದೆ. ಈ ಯಾವುದೂ ಚಿನ್ನದ ಬೆಲೆಯ ವಸ್ತುವಲ್ಲ.

ಹಾಗಾದರೆ ದುಡ್ಡು ಹೋಗುವುದೆಲ್ಲಿಗೆ? ಇದಕ್ಕೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಯಾವ ಫೋಟೊ ಪತ್ರಿಕೆಯಿಂದಲೂ ಅಲ್ಲ, ಮಾವನಿಂದ. ಶತಮಾನದ ತಿರುವಿನಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿದ ಮೇಲೆ ಮಾವ ಪಿ.ಬಿ. ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಹಳೆ ಲೇತ್‌ಗಳನ್ನು ರಿಪೇರಿ ಮಾಡುತ್ತಿದ್ದರು. ಕಾರ್ಖಾನೆ ಸತ್ತರೂ ಅದು ಹೆತ್ತ ಯಂತ್ರಗಳು ಗಟ್ಟಿಯಾಗಿದ್ದವು. ಒಂದು ದಿನ ಗಿರಾಕಿಯೊಬ್ಬ ಗಿಯರಿನ ದರ ಕೇಳಿ ಹೌಹಾರಿದ. ಮಾವ ಹೇಳಿದ್ದು: “ಕಂಪನಿ ಇದ್ದಾಗ ಸಾವಿರ ಗಿಯರ್ ಕಡೀತಿದ್ರು ಯಜಮಾನ್ರೇ, ಸೆಟ್ಟಿಂಗ್ ಕೂಲಿ ಸಾವಿರ ಜನಕ್ಕೆ ಹಂಚಿ ಹೋಗ್ತಿತ್ತು. ಈಗ ನಿಮ್ಮದೊಂದೇ ಗಿಯರ್. ಸೆಟ್ಟಿಂಗ್ ಅಷ್ಟೇ ಐತೆ, ಹಂಚಿಕೊಳ್ಳೋರಿಲ್ಲ.”

ರಾಚೆಸ್ಟರಿನಲ್ಲಿ ಆಗುತ್ತಿರುವುದೂ ಇದೇ. ನಾಲ್ಕೂವರೆ ಅಡಿ ಅಗಲದ, ಸಾವಿರಾರು ಅಡಿ ಉದ್ದದ ಪಟ್ಟಿಗೆ ಗಾಢ ಕತ್ತಲಲ್ಲಿ ಪದರ ಪದರವಾಗಿ ರಸಾಯನ ಬಳಿಯುವ ಯಂತ್ರ ಕೊಡಾಕ್‌ನದು. ಲೋಕದ ಪ್ರತಿ ಮನೆಯಲ್ಲಿ ಕ್ಯಾಮೆರಾ ಇದ್ದ ದಿನಗಳಿಗೆ ಕಟ್ಟಿದ್ದು. ಅದನ್ನು ಅರ್ಧ ದಿನ ಓಡಿಸಿದರೂ ತೊಳೆಯುವುದು, ಹದ ಮಾಡುವುದು, ಪರೀಕ್ಷೆ ಮಾಡುವುದು ಎಲ್ಲ ಅಷ್ಟೇ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೇಳಿತು. ಮಾರ್ಚಿನಲ್ಲಿ ಸ್ಲೈಡ್ ಫಿಲ್ಮ್ ಸಾಕು ಎಂದಿತು. ಕೊಡಕ್ರೋಮ್ ಅದಕ್ಕೂ ಮುಂಚೆ, 2009ರಲ್ಲೇ ಹೋಗಿತ್ತು. ಕೊನೆಯ ಕೊಡಕ್ರೋಮ್ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕರಿ ಕೈಗೆ ಕೊಟ್ಟಾಗ ಅವರು ಅದರಲ್ಲಿ ಕೆಲವು ಫ್ರೇಮು ಉಳಿಸಿಕೊಂಡು ನಮ್ಮ ದೇಶಕ್ಕೆ ಬಂದದ್ದು ನೆನಪಿರಬಹುದು. ಅದನ್ನು ತೊಳೆಯುವ ಲೋಕದ ಕಟ್ಟಕಡೆಯ ಲ್ಯಾಬು ಅಮೆರಿಕದ ಕ್ಯಾನ್ಸಸ್‌ನ ಒಂದು ಸಣ್ಣ ಊರಿನಲ್ಲಿತ್ತು. 2010ರ ಡಿಸೆಂಬರ್ 30ಕ್ಕೆ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

2017ರಲ್ಲಿ ಕೊಡಾಕ್‌ನವರು ಎಕ್ಟಾಕ್ರೋಮನ್ನು ಮತ್ತೆ ತರುತ್ತೇವೆ ಎಂದರು, ತರುವಷ್ಟರಲ್ಲಿ ಒಂದೂವರೆ ವರ್ಷ ದಾಟಿತು. ಹಳೆಯ ಚೀಟಿ ಹಿಡಿದು ಹೊರಟರೆ ಅದರಲ್ಲಿದ್ದ ಎಷ್ಟೋ ರಾಸಾಯನಿಕಗಳನ್ನು ಮಾಡುವವರೇ ಲೋಕದಲ್ಲಿ ಇರಲಿಲ್ಲ. ಅಡುಗೆಯವನು ಇದ್ದಾನೆ, ದಿನಸಿ ಅಂಗಡಿ ಮುಚ್ಚಿದೆ. ಫ್ಯೂಜಿಯವರ ಪಾಡೂ ಅಷ್ಟೇ: 2019ರಲ್ಲಿ ಜಪಾನಿನಲ್ಲಿ ಒಂದೇ ಏಟಿಗೆ ಶೇಕಡಾ 30ಕ್ಕೂ ಮಿಕ್ಕಿ ಏರಿಸಿದರು. 2021ರಲ್ಲಿ ಅಮೆರಿಕದ ಪರಿಸರ ಇಲಾಖೆ ಒಂದು ರಾಸಾಯನಿಕವನ್ನು ನಿಷೇಧಿಸಿದಾಗ ಅದರ ಲವಲೇಶ ಇತ್ತೆಂಬ ಕಾರಣಕ್ಕೆ ವೆಲ್ವಿಯಾ 100 ಆ ದೇಶದಿಂದ ಹೊರಬಿತ್ತು. ಇಡೀ ಭೂಮಿಗೆ ಸ್ಲೈಡ್ ಫಿಲ್ಮ್ ಅಂದರೆ ಈಗ ಹೆಚ್ಚುಕಡಿಮೆ ಈ ಎರಡೇ ಮನೆ. ಹಂಚಿಕೊಳ್ಳುವವರು ನಾವು ನಾಲ್ಕು ಜನ, ಮತ್ತೆ ಹಾಲಿವುಡ್ಡಿನ ಒಂದಿಷ್ಟು ಮಂದಿ. ಎಕ್ಟಾಕ್ರೋಮಿನಲ್ಲಿ ಚಿತ್ರೀಕರಿಸಿದ ಟಿವಿ ಸರಣಿಯೂ ಬಂದಿದೆ. ಅವರಿಗೆ ಶರಣು, ಅವರ ಸಾವಿರಾರು ಅಡಿಗಳ ನೆರಳಿನಲ್ಲಿ ನನ್ನ ಐದಡಿ ಬದುಕಿದೆ.

ಲ್ಯಾಬಿನ ಖರ್ಚು ಉಳಿಸೋಣ ಅಂತ ಒಮ್ಮೆ ಮನೆಯಲ್ಲೇ ತೊಳೆಯಲು ಹೊರಟೆ. ಇ-6 ಅನ್ನುವುದು ಎಪ್ಪತ್ತರ ದಶಕದಲ್ಲಿ ಬಂದ ವಿಧಾನ, ಇವತ್ತಿಗೂ ಅದೇ. ಮೊದಲ ಡೆವಲಪರಿನಲ್ಲಿ 38 ಡಿಗ್ರಿಯಲ್ಲಿ ಆರು ನಿಮಿಷ ಇಟ್ಟರೆ ಬೆಳಕು ಕಂಡ ಬೆಳ್ಳಿ ಕಪ್ಪಾಗಿ ಒಂದು ನೆಗೆಟಿವ್ ಹುಟ್ಟುತ್ತದೆ. ಆಮೇಲೆ ಬೆಳಕು ಕಾಣದೆ ಉಳಿದ ಬೆಳ್ಳಿಯನ್ನು ಇನ್ನೊಂದು ದ್ರಾವಣದಿಂದ ಎಬ್ಬಿಸಬೇಕು. ಬಣ್ಣದ ಡೆವಲಪರಿನಲ್ಲಿ ಆ ಉಳಿದದ್ದರ ಸುತ್ತ ಬಣ್ಣ ಕೂರುತ್ತದೆ. ಕೊನೆಗೆ ಬ್ಲೀಚು, ಹೈಪೋ. ಬೆಳ್ಳಿಯೆಲ್ಲ ಹೋಗಿ, ಬೆಳಕು ಎಲ್ಲಿ ಬಿದ್ದಿರಲಿಲ್ಲವೋ ಅಲ್ಲಿಯ ಬಣ್ಣ ನಿಂತು ಚಿತ್ರವಾಗುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಮೈ ಜುಮ್ಮೆನ್ನಿಸುವ ಸಂಗತಿ.

38 ಡಿಗ್ರಿ ಅಂದಾಗ ನಕ್ಕುಬಿಟ್ಟೆ. ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯದು ಅದೇ ಅಳತೆ. ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಡೆವಲಪರಿಗೆ ಹದವಾದ ಬಿಸಿನೀರು ಪುಕ್ಕಟೆ. ಲೋಕದವರೆಲ್ಲ ಹೀಟರ್ ಇಟ್ಟುಕೊಂಡು ಒದ್ದಾಡುವಾಗ ನಮ್ಮೂರ ಸೂರ್ಯನೇ ಲ್ಯಾಬ್ ಅಸಿಸ್ಟೆಂಟ್! ಆದರೆ ಇ-6ಗೆ 38 ಅಂದರೆ 38. ಕಾಲು ಡಿಗ್ರಿ ಅತ್ತಿತ್ತ ಆದರೆ ಹೇಗೋ ಸಹಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಇಲ್ಲ. ನಮ್ಮ ಟ್ಯಾಂಕು ಮೂರು ಗಂಟೆಗೆ 38 ಇದ್ದದ್ದು ಮೂರೂವರೆಗೆ 40. ಬಕೆಟ್ಟಿಗೆ ಮಡಕೆ ನೀರು ಸುರಿಯುವುದು, ಥರ್ಮಾಮೀಟರ್ ನೋಡುವುದು, ಮತ್ತೆ ಟ್ಯಾಂಕಿನ ನೀರು. ಅಡುಗೆಮನೆಯಿಂದ ನನ್ನಾಕೆ “ಬಾಣಂತಿ ನೀರು ಹದ ಮಾಡೋಕೂ ಇಷ್ಟು ಕಷ್ಟ ಬಿದ್ದಿಲ್ಲ ಬಿಡಿ” ಅಂದಳು. ಬಂದ ಸ್ಲೈಡುಗಳಲ್ಲಿ ಕೊಂಡಜ್ಜಿ ಗುಡ್ಡ ತೆಳ್ಳಗೆ ನೀಲಿಗಟ್ಟಿತ್ತು. ಉಳಿತಾಯ ಎಷ್ಟಾಯಿತೆಂದು ಕೇಳಬೇಡಿ.

ಅದಕ್ಕಿಂತ ದೊಡ್ಡ ಪೆಟ್ಟು ತಿಂದದ್ದು ತೊಂಬತ್ತರ ದಶಕದಲ್ಲಿ. ಬೆಂಗಳೂರಿಗೆ ಹೋಗುವವರೊಬ್ಬರ ಕೈಯಲ್ಲಿ ರೋಲು ಕೊಟ್ಟಿದ್ದೆ. ಅವರು ಅವಸರದಲ್ಲಿ ದಾರಿಯ ಯಾವುದೋ ಕಲರ್ ಲ್ಯಾಬಿಗೆ ಕೊಟ್ಟುಬಿಟ್ಟರು. ಅಲ್ಲಿನ ಹುಡುಗ ಅದನ್ನೂ ಮದುವೆ ರೀಲುಗಳ ಜೊತೆ ನೆಗೆಟಿವ್ ಯಂತ್ರಕ್ಕೆ ತೂರಿಸಿದ. ಶ್ರಾವಣದ ನೆರೆಯಲ್ಲಿ ಹರಿಹರದ ಸೇತುವೆ ಕೆಳಗೆ ತುಂಬಿ ಹರಿಯುತ್ತಿದ್ದ ಕೆಂಪು ನೀರು, ಅದರ ಮೇಲೆ ಹಾದು ಹೋಗುವ ರೈಲು, ಮೂವತ್ತಾರೂ ಪಾಚಿ ಹಸಿರು ಮತ್ತು ಕೆನ್ನೀಲಿಯಾಗಿ ಬಂದವು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಕೆಲವು ವರ್ಷಕ್ಕೆ ಫ್ಯಾಷನ್ ಫೋಟೊಗಳಲ್ಲಿ ಬೇಕೆಂದೇ ಹಾಗೆ ತೊಳೆಸುವ ಶೋಕಿ ಬಂತು. ನನ್ನ ರೋಲು ಕಾಲಕ್ಕಿಂತ ಮುಂದಿತ್ತು ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಇಷ್ಟೆಲ್ಲ ಪಟ್ಟು ಯಾಕೆ ಅಂತ ಕಳೆದ ದೀಪಾವಳಿಗೆ ಅಣ್ಣನ ಮಗಳೂ ಕೇಳಿದಳು. ಉತ್ತರದ ಬದಲು ಅಟ್ಟದಿಂದ ಪ್ರೊಜೆಕ್ಟರ್ ಇಳಿಸಿದೆ. 24 ವೋಲ್ಟಿನ, 150 ವ್ಯಾಟಿನ ಹ್ಯಾಲೊಜೆನ್ ಬಲ್ಬು. ಅದು ಸುಟ್ಟರೆ ಇನ್ನೊಂದು ಹುಡುಕುವುದು ಬೇರೆಯ ಕಥೆ. ಹಜಾರದ ಸುಣ್ಣದ ಗೋಡೆಯಿಂದ ಕ್ಯಾಲೆಂಡರ್ ತೆಗೆದೆವು, ಮೊಳೆ ಉಳಿಯಿತು. ಫ್ಯಾನು ಗುರ್ ಅಂದಿತು, ಬೆಚ್ಚಗಾದ ದೂಳಿನ ವಾಸನೆ ಬಂತು. ನಮ್ಮ ಒಣ ಹವೆಯ ಪುಣ್ಯ, ಮಲೆನಾಡಿನ ಸ್ನೇಹಿತರ ಸ್ಲೈಡುಗಳಿಗೆ ಹತ್ತಿದ ಬೂಷ್ಟು ನಮ್ಮವಕ್ಕೆ ಅಷ್ಟು ಹತ್ತಿಲ್ಲ.

ಮೊದಲು ಬಂದದ್ದು ಓರ್ವೊದ ಹಳೆಯ ಸ್ಲೈಡು. ಮಾವ ಕಾರ್ಖಾನೆಯ ನೀಲಿ ಅಂಗಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾರೆ. ನೀಲಿ ಈಗ ನೀಲಿಯಾಗಿ ಉಳಿದಿಲ್ಲ, ಕಂದು ಕಡೆ ವಾಲಿದೆ. ನೀರು ಹಾಲು ಹಾಕಿದ ಚಹಾದಂತೆ ಇದೆ. ಅದು ಮಾತ್ರ ನಿಜವಾದ ಬಣ್ಣವೇ ಇರಬಹುದು. ಆದರೆ ಅವರ ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ ಗೋಡೆಯ ಮೇಲೆ ಮೊಳದುದ್ದ ಕಂಡಿತು, ಅದರ ಮೇಲೆ ಹಲ್ಲಿನ ಗುರುತೂ ಕಂಡಿತು. ಮಾವ ಯೋಚನೆ ಮಾಡುವಾಗ ಪೆನ್ಸಿಲ್ ಕಚ್ಚುತ್ತಿದ್ದದ್ದು ನನಗೆ ಮರೆತೇಹೋಗಿತ್ತು. ಹುಡುಗಿ ಎದ್ದು ಗೋಡೆ ಹತ್ತಿರ ಹೋದಳು. ಮಾವನ ಅಂಗಿಯ ಗುಂಡಿ ಅವಳ ಕೆನ್ನೆಯ ಮೇಲೆ ಬಿತ್ತು. “ಚಿಕ್ಕಪ್ಪ, ಇದೇ ಫಿಲ್ಮು ಅವತ್ತು ಹೊಳೆ ಹತ್ರ ಇತ್ತಾ? ಇದೇ ತುಂಡು?” ಅಂದಳು. ಇದೇ ತುಂಡು ಅಂದೆ.

ಹರಿಹರದ ಮಂಟಪದಲ್ಲಿ ಆ ದಿನ ಕೊನೆಗೂ ಒಂದೇ ಸಲ ಒತ್ತಿದೆ. ಬಿಸಿಲಿನ ಲೆಕ್ಕಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚು ಕೊಟ್ಟು, ಕಂಬದ ಮೂರನೇ ಉಂಗುರ ಉಳಿಯಲಿ, ಮೊದಲೆರಡು ಸುಟ್ಟರೆ ಸುಡಲಿ ಎಂದುಕೊಂಡು. ಎಚ್ಚರಕ್ಕೆ ಇನ್ನೊಂದು ತೆಗೆಯುವುದು ಫಿಲ್ಮಿನವರ ಪದ್ಧತಿ. ಅರ್ಧ ಸ್ಟಾಪ್ ಮೇಲೊಂದು, ಕೆಳಗೊಂದು. ಆ ಪದ್ಧತಿಯನ್ನು ಬೆಲೆ ತಿಂದುಹಾಕಿದೆ. ಅಷ್ಟರಲ್ಲಿ ಬಿಸಿಲೂ ಸರಿದಿತ್ತು. ರೋಲು ಮುಗಿಯಲು ನಾಲ್ಕು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಕ್ಯಾಮೆರಾ ಬೀರುವಿನಲ್ಲಿ, ಮುಂದಿನ ರೋಲು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ.

ಕೊರಿಯರ್ ಮಾಡಿ ಎರಡು ವಾರ ಕಳೆದ ಮೇಲೆ ಲ್ಯಾಬಿಗೆ ಫೋನ್ ಮಾಡಿದೆ. ಇ-6 ಕೆಮಿಕಲ್ ಒಮ್ಮೆ ಕಲಸಿದರೆ ಬಹಳ ದಿನ ಇಡಲಾಗುವುದಿಲ್ಲ, ಹತ್ತು ರೋಲು ಸೇರಿದರೆ ಮಾತ್ರ ಕಲಸುತ್ತಾರೆ.

“ಎಷ್ಟಾದ್ವು ತಮ್ಮಾ?”

“ನಿಮ್ದೂ ಸೇರಿ ಆರು, ಸರ್.”